ಮೂಲೆಯಿಲ್ಲದ ಕಟ್ಟಡದಲ್ಲಿ ಒಂದು ಶ್ರಾವಣ

ಮಗಳನ್ನು ಕೋಚಿಂಗ್ ಕ್ಲಾಸಿಗೆ ಸೇರಿಸಲೆಂದು ಹೋದ ತಿಂಗಳು ರಾಯಬಾಗದಿಂದ ಚಿಕ್ಕೋಡಿಗೆ ಹೋಗಿದ್ದೆ. ವಿಳಾಸವನ್ನು ಅವಳೇ ಫೋನಿನಲ್ಲಿ ನೋಡಿ ರಿಕ್ಷಾದವನಿಗೆ ಹೇಳಿದಳು. ರಿಕ್ಷಾ ನಿಂತ ಮೇಲೆ ತಲೆ ಹೊರಗೆ ಹಾಕಿ ನೋಡಿದವಳೇ, "ಯಾ ಅಲ್ಲಾ, ಇಲ್ಲೇನ?" ಎಂದುಬಿಟ್ಟೆ.

ಎದುರಿಗೆ ಅದೇ ಕಟ್ಟಡ. ಒಂದು ತಾಟಿನ ಮೇಲೆ ಇನ್ನೊಂದು ತಾಟನ್ನು ಬೋರಲು ಹಾಕಿ, ಮೂರು ದಪ್ಪ ಕಾಲುಗಳ ಮೇಲೆ ಎತ್ತಿ ನಿಲ್ಲಿಸಿದಂತಿದೆ. ಸುತ್ತಲೂ ಹಡಗಿನ ಕಿಟಕಿಗಳಂಥ ಗುಂಡು ಗಾಜು. ಹತ್ತಲು ಮೆಟ್ಟಿಲಿಲ್ಲ, ಕಟ್ಟಡವನ್ನು ಬಳಸಿ ಮೇಲೇರುವ ಇಳಿಜಾರು ದಾರಿ. ಕಾಗದದಲ್ಲಿ ಅದರ ಹೆಸರು ವಿಜ್ಞಾನ ಮಂದಿರ. ಊರಿನ ಬಾಯಲ್ಲಿ ತಾಟು. "ತಾಟಿನ ಹಂತ್ಯಾಕ ಇಳಸ್ರಿ" ಎಂದರೆ ಕಂಡಕ್ಟರನಿಗೂ ತಿಳಿಯುತ್ತದೆ.

ಹೊಸ ಬಣ್ಣ ಬಳಿದಿದ್ದರು. ಒಳಗೆ ಫಾಲ್ಸ್ ಸೀಲಿಂಗು, ಪ್ಲೈವುಡ್ಡಿನ ಗೋಡೆಗಳು, ಎಸಿ, ಪಾಸಾದ ಮಕ್ಕಳ ಫೋಟೊಗಳು. ಎಲ್ಲ ಬದಲಾಗಿದೆ ಅಂದುಕೊಂಡೆ. ಆದರೆ ಇಳಿಜಾರು ಹತ್ತುವಾಗ ಕೆಳಗಿನ ಕಾಲುಗಳ ನಡುವಿನಿಂದ ಒಂದು ವಾಸನೆ ಬಂತು ನೋಡಿ: ಒದ್ದೆ ಗೋಣಿಚೀಲ, ಹಳೇ ಬೆಲ್ಲ, ಎಮ್ಮೆಯ ಗಂಜಲ. ಎಷ್ಟು ವರ್ಷವಾದರೂ ಕಾಂಕ್ರೀಟು ಅದನ್ನು ಬಿಟ್ಟುಕೊಟ್ಟಿಲ್ಲ. ನನಗೆ ಆ ಕ್ಷಣಕ್ಕೇ ತಲೆ ಬಿಸಿಯಾಯಿತು.

"ಅಮ್ಮಿ, ಇದನ್ಯಾರ ಹಿಂಗ ಕಟ್ಯಾರ?" ಎಂದಳು ಮಗಳು.

ಯಾರು ಕಟ್ಟಿದರೆಂದು ನನಗೆ ಗೊತ್ತು. ಬೇಡ ಬೇಡವೆಂದರೂ ಕಟ್ಟಿದವರ ಬಾಯಿಂದಲೇ ಇಡೀ ಒಂದು ಶ್ರಾವಣ ಅದನ್ನು ಕೇಳಿದ್ದೇನೆ.

ಮನುಷ್ಯ ಚಂದ್ರನ ಮೇಲೆ ಇಳಿದು ಬಂದ ಹೊಸದರಲ್ಲಿ ಊರಿನ ತಂಬಾಕು ವ್ಯಾಪಾರಿಯೊಬ್ಬರಿಗೆ ಆಕಾಶದ ಹುಚ್ಚು ಹಿಡಿಯಿತಂತೆ. ಈ ಕಡೆಯ ಮಕ್ಕಳೆಲ್ಲ ದುರ್ಬೀನಿನಲ್ಲಿ ನಕ್ಷತ್ರ ನೋಡಬೇಕು, ಅದಕ್ಕೊಂದು ಮಂದಿರ ಬೇಕು ಎಂದು ಹೊರಟರು. ಮುಂಬೈಯಲ್ಲಿ ಕಟ್ಟಡಗಳ ನಕ್ಷೆ ಮಾಡುವ ವಿದ್ಯೆ ಕಲಿತು ಆಗಷ್ಟೇ ಊರಿಗೆ ಮರಳಿದ್ದ ಬಾಪುರಾವ್ ಎಂಬ ತರುಣನನ್ನು ಕರೆಸಿ, "ನಮ್ಮ ಕಾಲದ್ದು ಬ್ಯಾಡ, ಮುಂದ ಬರೂ ಕಾಲದ್ದು ಕಟ್ಟು" ಎಂದರು. ತರುಣನಿಗೆ ಅಷ್ಟೇ ಸಾಕಿತ್ತು. ಎಲ್ಲಿಯೂ ಒಂದು ನೇರ ಗೆರೆ ಇರಬಾರದೆಂದು ಹಟ ಹಿಡಿದರು. ಗುಂಡಗೆ ಸೆಂಟರಿಂಗ್ ಕಟ್ಟಿ ಕಟ್ಟಿ ಬೇಸತ್ತ ಗೌಂಡಿಗಳು ಒಮ್ಮೆ ಕೆಲಸವನ್ನೇ ಬಿಟ್ಟು ನಿಪ್ಪಾಣಿಗೆ ಓಡಿಹೋದರು. ಬಾಪುರಾವ್ ಅಲ್ಲಿಗೇ ಹೋಗಿ ಕೈಕಾಲು ಹಿಡಿದು ಕರೆತಂದರು. ಕಟ್ಟಡ ಮುಗಿಯುವ ಹೊತ್ತಿಗೆ ವ್ಯಾಪಾರಿ ತೀರಿಕೊಂಡರು. ದುರ್ಬೀನು ಬರಲೇ ಇಲ್ಲ. ದುರ್ಬೀನಿಗೆಂದು ಗುಮ್ಮಟದ ನೆತ್ತಿಯಲ್ಲಿ ಬಿಟ್ಟಿದ್ದ ತೂತು ಮಾತ್ರ ಉಳಿಯಿತು. ಅದಕ್ಕೊಂದು ತಗಡು ಮುಚ್ಚಿದರು.

ಆಮೇಲೆ ಅದನ್ನೇನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ವ್ಯಾಪಾರಿಯ ಕಡೆಯವರು ಮಾಡಿಕೊಂಡ ಟ್ರಸ್ಟು ಅದನ್ನು ಮದುವೆಗೆ ಕೊಟ್ಟು ನೋಡಿತು. ಮಂತ್ರಗಳು ಎರಡೆರಡು ಸಲ ಕೇಳಿಸಿದವು, ಬ್ಯಾಂಡಿನವರು ಬಾರಿಸತೊಡಗಿದ್ದೇ ಮದುಮಗನ ಅಜ್ಜ ಕಿವಿ ಮುಚ್ಚಿಕೊಂಡು ಹೊರಗೆ ಓಡಿದ. ಟೈಪಿಂಗ್ ಕ್ಲಾಸಿಗೆ ಕೊಟ್ಟರು. ನಾಲ್ಕು ಯಂತ್ರ ನಲವತ್ತರಂತೆ ಬಡಿದವು. ಕಡೆಗೆ ಬೆಲ್ಲದ ಗೋದಾಮಾಯಿತು. ಇರುವೆ ಮುತ್ತಿದವು. ಬೀಗ ಬಿತ್ತು. ಬೀಗದ ಕೈ ಎದುರು ಮನೆಯಲ್ಲೇ ಇದ್ದ, ಈಗ ಮುದುಕರಾಗಿದ್ದ ಬಾಪುರಾವರ ಜೇಬಿನಲ್ಲಿ ಉಳಿಯಿತು.

ನಾನು ಆಗ ಚಿಕ್ಕೋಡಿಯಲ್ಲಿ ಹೈಸ್ಕೂಲಿನ ಕನ್ನಡ ಟೀಚರು. ಆ ವರ್ಷ ಶ್ರಾವಣ ಹಿಡಿದ ಮೇಲೆ ಮಳೆ ನಿಲ್ಲಲಿಲ್ಲ. ನಮ್ಮ ಊರಲ್ಲಿ ಬಿದ್ದ ಮಳೆ ನಮಗೇನೂ ಮಾಡುವುದಿಲ್ಲ. ಮೇಲೆ ಸಹ್ಯಾದ್ರಿಯಲ್ಲಿ ಬಿದ್ದದ್ದು ಇಳಿದು ಬರುತ್ತದಲ್ಲ, ಅದೇ ಕುತ್ತು. ದೂಧಗಂಗೆ, ವೇದಗಂಗೆ ತುಂಬಿದವು. ಕೃಷ್ಣೆ ದಂಡೆ ಮೀರಿತು. ಒಂದೊಂದಾಗಿ ಸೇತುವೆಗಳು ಮುಳುಗಿದವು. ಅಥಣಿಯಲ್ಲಿ ನೌಕರಿಯಲ್ಲಿದ್ದ ನನ್ನ ಗಂಡ, ಅವರ ಜೊತೆಗೇ ಇದ್ದ ಪುಟ್ಟ ಮಗಳು ಹೊಳೆಯ ಆಚೆಯೇ ಉಳಿದರು. ತಹಸೀಲ್ದಾರ ಕಚೇರಿಯಿಂದ ನನಗೆ ಫೋನು ಬಂತು: ಯಡೂರಿನ ಕಡೆಯ ತೋಟಪಟ್ಟಿಯ ಜನ ಬರುತ್ತಿದ್ದಾರೆ, ಶಾಲೆಗಳೆಲ್ಲ ತುಂಬಿವೆ, ವಿಜ್ಞಾನ ಮಂದಿರದಲ್ಲಿ ಕಾಳಜಿ ಕೇಂದ್ರ, ಉಸ್ತುವಾರಿ ನಿಮ್ಮದು.

ಇಳಿಜಾರಿನ ಬುಡದಲ್ಲಿ ಬಾಪುರಾವ್ ಛತ್ರಿ ಹಿಡಿದು ಕಾಯುತ್ತಿದ್ದರು. ಬಿಳಿ ಪಾಯಜಾಮ ಮೊಳಕಾಲವರೆಗೆ ಮಡಚಿತ್ತು. ನಮಸ್ಕಾರವೂ ಇಲ್ಲ, ಏನಿಲ್ಲ.

"ಅಹೋ ಬಾಯಿ, ಮಂದೀನ್ನ ಇಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಗ್ವಾಡಿಗೆ ಒಂದ ಒಂದು ಮೊಳಿ ಹೊಡೀಬಾರ್ದು. ಇದು ತತ್ತಿ ಇದ್ದಂಗ ಅದ. ತತ್ತಿಗೆ ಯಾರರ ಮೊಳಿ ಹೊಡೀತಾರೇನ್ರಿ?"

"ಕಾಕಾ, ಹೆಣ್ಮಕ್ಕಳು ಬರಾಕತ್ತಾರ್ರಿ. ಅವರು ಅರಬಿ ಬದಲಸಾಕ ಒಂದು ಪರದಾ ಬ್ಯಾಡೇನ್ರಿ? ಎಲ್ಲಿ ಕಟ್ಟಲಿ?"

"ವಿಚಾರ ಮಾಡೂಣು" ಎಂದರು. ಆ ಮನುಷ್ಯ ಐವತ್ತು ವರ್ಷ ವಿಚಾರ ಮಾಡಿಯೂ ಆ ಕಟ್ಟಡಕ್ಕೆ ಒಂದು ಗೂಟ ಹೊಂದಿಸಿರಲಿಲ್ಲ.

ಅವರು ಮನೆಗೆ ಹೋದದ್ದೇ ನಾನು ಸುತ್ತಿಗೆ ತರಿಸಿದೆ. ಮೊದಲ ಮೊಳೆ ಬಾಗಿತು. ಎರಡನೆಯದು ಬಾಗಿ ಹಾರಿ ನನ್ನ ಹಣೆಗೇ ಬಡಿಯಿತು. ಅಂಥ ಕಾಂಕ್ರೀಟು! ಮೊಳೆ ಹೊಡೆಯಬೇಡಿ ಎನ್ನುವ ಬದಲು ಹೊಡೆಯಲು ಬರುವುದಿಲ್ಲ ಎಂದಿದ್ದರೆ ನನ್ನ ಹಣೆಯಾದರೂ ಉಳಿಯುತ್ತಿತ್ತು. ಕಡೆಗೆ ಪೆಂಡಾಲಿನವರಿಂದ ಬಿದಿರು ತರಿಸಿ, ಡಬ್ಬಿಗಳಲ್ಲಿ ಮರಳು ತುಂಬಿ ನಿಲ್ಲಿಸಿ, ಸೀರೆ ಕಟ್ಟಿದೆ.

ಟ್ರ್ಯಾಕ್ಟರುಗಳು ಬಂದವು. ಟ್ರೇಲರಿನಲ್ಲಿ ಮುದುಕರು, ಕೂಸುಗಳು, ಜೋಳದ ಚೀಲ, ಕೋಳಿ, ಟೀವಿ, ಹಿಂದಿನಿಂದ ಎಮ್ಮೆಗಳು. ಎಮ್ಮೆಗಳನ್ನು ಕಟ್ಟಡದ ಕೆಳಗೆ ಕಾಲುಗಳ ನಡುವೆ ಕಟ್ಟಿದರು. ಕೆಳಗೆ ಒಂದು ಎಮ್ಮೆ ಕೂಗಿದರೆ ಮೇಲೆ ಗುಮ್ಮಟದೊಳಗೆ ಹತ್ತು ಎಮ್ಮೆ ಕೂಗಿದ ಹಾಗಾಗಿ ಕೂಸುಗಳೆಲ್ಲ ಒಟ್ಟಿಗೆ ಅಳತೊಡಗಿದವು. ನೆತ್ತಿಯ ತಗಡಿನಿಂದ ನೀರು ಸೋರಿ ಒಳಗಿನ ಆ ಒಂದೇ ದೊಡ್ಡ ಹಾಲಿನ ನಟ್ಟನಡುವೆ ಬೀಳುತ್ತಿತ್ತು. ಬಕೆಟ್ ಇಟ್ಟೆ. ಹನಿಯ ಸದ್ದು ಡಗ್ಗಾ ಬಾರಿಸಿದಂತೆ ಸುತ್ತೆಲ್ಲ ತಿರುಗಿತು. ಬಕೆಟ್ಟಿನಲ್ಲಿ ಗೋಣಿಚೀಲ ಹಾಕಿದ ಮೇಲೆ ಸ್ವಲ್ಪ ತಗ್ಗಿತು.

ಮೊದಲು ಒಳಗೆ ಬಂದ ಮುದುಕಿ ಸುತ್ತ ಕಣ್ಣಾಡಿಸಿ, "ಅಕ್ಕೋರ, ನಮಗೊಂದ್ ಮೂಲಿ ತೋರಸ್ರಿ" ಎಂದಳು.

"ಇಲ್ಲಿ ಮೂಲಿ ಇಲ್ಲಬೇ."

"ಮೂಲಿ ಇಲ್ಲದ್ದು ಮನಿ ಇರ್ತೈತೇನ್ರಿ? ಮತ್ತ ಕಸಬರಿಗಿ ಎಲ್ಲಿಡ್ತೀರಿ?"

ಅಷ್ಟು ವರ್ಷದಲ್ಲಿ ಆ ಕಟ್ಟಡದ ಬಗ್ಗೆ ಯಾರೂ ಕೇಳದ ಪ್ರಶ್ನೆ ಅದು. ಎಲ್ಲರಿಗೂ ಮೂಲೆಯೇ ಬೇಕಾಗಿತ್ತು. ದೇವರ ಫೋಟೊ ಇಡಲು ಮೂಲೆ, ಕೂಸಿಗೆ ಹಾಲು ಕುಡಿಸಲು ಮೂಲೆ, ಮುನಿಸಿಕೊಂಡು ಕೂರಲು ಮೂಲೆ. ಮೂಲೆಯಿಲ್ಲವೆಂದ ಮೇಲೆ ಎಲ್ಲರೂ ಗೋಡೆ ಹಿಡಿದರು. ಉಂಗುರದ ಹಾಗೆ ಸುತ್ತಲೂ ಸಂಸಾರಗಳು, ನಡುವೆ ಸೋರುವ ಬಯಲು.

ಆಗ ಬಂದರು ಅಣ್ಣತಮ್ಮಂದಿರು. ಅಣ್ಣ ಪಾಯಪ್ಪ, ತಮ್ಮ ಭರಮು. ಜೈನರ ಒಕ್ಕಲುತನದ ಮನೆ. ತೋಟ ಪಾಲಾದ ಮೇಲೆ ಬಾವಿ ಒಂದೇ ಉಳಿದು, ಯಾವ ದಿನ ಯಾರು ಮೋಟಾರು ಹಚ್ಚಬೇಕೆನ್ನುವ ಪಾಳಿಯ ಮೇಲೆ ಜಗಳವಾಗಿ ಮಾತು ಬಿಟ್ಟವರು. ಎಷ್ಟೋ ವರ್ಷಗಳಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಈಗ ಒಂದೇ ಟ್ರ್ಯಾಕ್ಟರಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಬಂದಿದ್ದರು.

"ಅಕ್ಕೋರ, ಅವರ ಗಾಳಿ ನಮಗ ಬಡೀಬಾರ್ದು. ದೂರ ಕೊಡ್ರಿ" ಎಂದ ಪಾಯಪ್ಪ.

ಭರಮು ಹಿಂದಿನಿಂದ, "ನಮಗ ಅವರಿಗಿಂತಾ ದೂರ" ಎಂದ.

ಅಣ್ಣನಿಗೆ ಬಾಗಿಲ ಬಳಿ ಕೊಟ್ಟೆ, ತಮ್ಮನಿಗೆ ಅದಕ್ಕೆ ಸರಿಯಾಗಿ ಎದುರಿನ ಕಿಟಕಿಯ ಬಳಿ. ಆ ಹಾಲಿನಲ್ಲಿ ಅದಕ್ಕಿಂತ ದೂರ ಇರಲಿಲ್ಲ. ಅಣ್ಣನ ಹೆಂಡತಿ ಪದ್ಮವ್ವ ಒಂದು ಮಾತೂ ಆಡದೆ ಚಾಪೆ ಬಿಚ್ಚಿದಳು. ತಮ್ಮನ ಹೆಂಡತಿ ಸುನಂದಾ ತುಂಬಿದ ಬಸುರಿ. ಹೊಳೆಯಾಚೆಯ ಮರಾಠಿ ಊರಿನ ಹುಡುಗಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಾದವಳು ಸೇತುವೆ ಮುಳುಗಿ ಇಲ್ಲಿ ಉಳಿದಿದ್ದಳು. ಆಸ್ಪತ್ರೆಯವರು ಬಂದು ನೋಡಿ, ಇನ್ನೂ ಸಮಯವಿದೆ ಎಂದು ಹೇಳಿ ಹೋದರು.

ಆ ಎರಡು ಮನೆಗಳಿಂದ ನನಗಾದ ಕಷ್ಟ ಬೇರೆ ಯಾರಿಂದಲೂ ಆಗಲಿಲ್ಲ. ಅವರಿಗೆ ಚಾತುರ್ಮಾಸ. ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು, ಉಳ್ಳಾಗಡ್ಡಿ ಬೆಳ್ಳುಳ್ಳಿ ಕೂಡದು. ಅಡುಗೆ ಬರುವುದು ಬೇರೆಡೆಯಿಂದ, ಟೆಂಪೋದಲ್ಲಿ. ಮೋಡದ ದಿನಗಳಲ್ಲಿ ಹೊತ್ತು ಯಾವಾಗ ಮುಳುಗಿತೆಂದು ಯಾರಿಗೆ ಗೊತ್ತು? ಅಣ್ಣ ಮುಳುಗಿತು ಎನ್ನುತ್ತಿದ್ದ, ತಮ್ಮ ಇನ್ನೂ ಇಲ್ಲ ಎಂದು ತಾಟು ಎಳೆದುಕೊಳ್ಳುತ್ತಿದ್ದ. ಅಣ್ಣ ಉಪವಾಸ ಮಲಗಿದರೆ ಬೆಳಿಗ್ಗೆ ಅವನ ಸಿಟ್ಟನ್ನು ನಾನು ಉಣ್ಣಬೇಕಿತ್ತು.

ಅದರ ಮೇಲೆ ಇನ್ನೊಂದು. ಭರಮು ಬಂದು ದೂರು ಹೇಳಿದ: "ಅಕ್ಕೋರ, ಅವರು ನನಗ ಕೇಳ್ಲಿ ಅಂತ ಮಾತಾಡಾಕತ್ತಾರ್ರಿ." ಸ್ವಲ್ಪ ಹೊತ್ತಿಗೆ ಪಾಯಪ್ಪ: "ಅಂವ ನನ್ನ ಕಿವ್ಯಾಗ ಬಂದು ಬೈಯಾಕತ್ತಾನ್ರಿ." ನೋಡಿದರೆ ಇಬ್ಬರ ನಡುವೆ ಇಡೀ ಹಾಲು. ಯಾರೂ ದನಿ ಎತ್ತಿಲ್ಲ. ನೀರು ಕಂಡು ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡೆ.

ಒಂದು ಮಧ್ಯಾಹ್ನ ಪದ್ಮವ್ವನ ಪಕ್ಕದಲ್ಲಿ ಗೋಡೆಗೊರಗಿ ಕೂತು ಹೆಸರು ಬರೆದುಕೊಳ್ಳುತ್ತಿದ್ದೆ. ನನ್ನ ಕಿವಿಯಲ್ಲೇ ಯಾರೋ ಅಂದರು: "ಅಕ್ಕೋರು ಬಲು ಸಿಡಿಮಿಡಿ ಅದಾರ ನೋಡು. ಗಂಡ ಅಥಣ್ಯಾಗ ಉಳದಾನಂತ, ಅದಕ್ಕ."

ಬೆಚ್ಚಿ ತಿರುಗಿದೆ. ಪದ್ಮವ್ವನ ತುಟಿ ಮುಚ್ಚಿತ್ತು. ಅವಳು ಗದ್ದ ಎತ್ತಿ ಎದುರು ತೋರಿಸಿದಳು. ಅಷ್ಟು ದೂರದಲ್ಲಿ, ಸುನಂದಾಳ ಪಕ್ಕ, ಕಸಬರಿಗೆ ಕೇಳಿದ್ದ ಆ ಮುದುಕಿ ಸೊಪ್ಪು ಸೋಸುತ್ತ ಪಿಸುಗುಟ್ಟುತ್ತಿದ್ದಳು.

ಮಳೆಯಲ್ಲೇ ಬಾಪುರಾವರ ಮನೆಗೆ ಹೋದೆ. ಹೇಳಿದೆ. ಅವರು ಕ್ಷಮೆ ಕೇಳುತ್ತಾರೆಂದಲ್ಲ, ಕನಿಷ್ಠ ಮುಖವಾದರೂ ಸಪ್ಪಗಾಗಬೇಕಿತ್ತು. ಮುದುಕರ ಕಣ್ಣು ದೀಪದಂತೆ ಬೆಳಗಿದವು.

"ಕೇಳಸ್ತಾ? ಎಷ್ಟು ಸಾಫ್ ಕೇಳಸ್ತು? ಅಕ್ಷರ ಅಕ್ಷರ?"

"ಕಾಕಾ!"

"ಗುಂಡ ಗ್ವಾಡಿಗುಂಟ ಧ್ವನಿ ಹರಕೋತ ಹೋಗ್ತದ್ರಿ ಬಾಯಿ. ಇಲ್ಲೆ ಬಿಟ್ರ ಸೀದಾ ಎದುರಿಗೆ ಹೋಗಿ ಇಳೀತದ. ನಾ ಆಗ ಹೇಳಿದ್ರ ಯಾರೂ ನಂಬಲಿಲ್ಲ. ಮದುವಿ ಬ್ಯಾಂಡ್ ಬಾರಿಸಿದ್ರ ಪಿಸುಮಾತು ಹೆಂಗ ಕೇಳಬೇಕು?"

ಅಂದರೆ, ಒಬ್ಬರ ಗಾಳಿ ಒಬ್ಬರಿಗೆ ಬಡಿಯಬಾರದೆಂದ ಇಬ್ಬರನ್ನು ನಾನು ಆ ಕಟ್ಟಡದಲ್ಲಿ ಒಬ್ಬರ ಕಿವಿಯೊಳಗೆ ಇನ್ನೊಬ್ಬರನ್ನು ಕೂರಿಸಿದಂತೆ ಕೂರಿಸಿದ್ದೆ. ಓಡಿಬಂದು ಜಾಗ ಬದಲಿಸಲು ನೋಡಿದೆ. ಯಾರೂ ಮಿಸುಕಲಿಲ್ಲ. ಆಗಲೇ ಪ್ರತಿಯೊಬ್ಬರೂ ತಮ್ಮ ತುಂಡು ಗೋಡೆಗೆ ಅರಿಶಿನ ಕುಂಕುಮ ಹಚ್ಚಿ, ಚೀಲ ಒಟ್ಟಿ, ಮನೆ ಮಾಡಿಕೊಂಡಿದ್ದರು. "ಹೊಳಿ ಎಬ್ಬಿಸಿದ್ದು ಸಾಲ್ದೇನ್ರಿ, ಈಗ ನೀವೂ ಎಬ್ಬಸ್ತೀರಿ?" ಎಂದಳು ಮುದುಕಿ.

ಸಂಗತಿ ಗೊತ್ತಾದ ಮೇಲೆ ಇನ್ನೂ ಕೆಟ್ಟಿತು. ಎಲ್ಲರೂ ಗೋಡೆಗೆ ಬಾಯಿ ಇಟ್ಟು ಆಡತೊಡಗಿದರು. ಅಣ್ಣತಮ್ಮಂದಿರಿಗಂತೂ ಹಬ್ಬ. ನೇರ ಮಾತಾಡಿದಂತೆಯೂ ಆಗಬಾರದು, ಬೈದಂತೆಯೂ ಆಗಬೇಕು. ಪಾಯಪ್ಪ ಹೆಂಡತಿಗೆ ಹೇಳಿದಂತೆ, "ಕೆಲವರಿಗೆ ಬಾವಿ ನೀರ ಸಾಲ್ತಿದ್ದಿಲ್ಲ. ಈಗ ಹೊಳಿನ ಮನ್ಯಾಗ ಬಂದೈತಿ, ಕುಡೀಲಿ" ಎನ್ನುತ್ತಿದ್ದ. ಎದುರಿನಿಂದ ಭರಮು ತನ್ನ ಹೆಂಡತಿಗೆ, "ಮೋಟಾರಿನ ಫ್ಯೂಜ್ ಕಿತ್ತವರು ಯಾರಂತ ಮೊದಲ ಹೇಳ್ಲಿ" ಎನ್ನುತ್ತಿದ್ದ. ಬಕ್ರೀದ್ ದಿನ ನಮಾಜು ಮುಗಿಸಿ ಮನೆಯಲ್ಲಿ ಎರಡು ತುತ್ತು ತಿಂದು ಬಂದರೆ ಇದೇ ಪಂಚಾಯಿತಿ. ಇಬ್ಬರನ್ನೂ ಕೆಳಗೆ ಎಮ್ಮೆಗಳ ಜೊತೆ ಕಟ್ಟಿಹಾಕಬೇಕು ಅನ್ನಿಸುತ್ತಿತ್ತು.

ಪದ್ಮವ್ವ ಮಾತ್ರ ಏನೂ ಅನ್ನುತ್ತಿರಲಿಲ್ಲ. ಚಾಪೆಯನ್ನು ಗೋಡೆಗೆ ತಾಗಿಸಿಕೊಂಡು, ಮುಂಜಾನೆಯಿಂದ ಸಂಜೆಯವರೆಗೆ ತಲೆಯನ್ನು ಕಾಂಕ್ರೀಟಿಗೆ ಆನಿಸಿ ಕೂತಿರುತ್ತಿದ್ದಳು. ಗಂಡ ಕೆಳಗೆ ಎಮ್ಮೆಗೆ ಮೇವು ಹಾಕಲು ಹೋದಾಗಲೂ ಅಲ್ಲಿಂದ ಏಳುತ್ತಿರಲಿಲ್ಲ. "ನೆಗೆಣ್ಣಿ ಮಾತು ಒಂದೂ ಬಿಡದಂಗ ಆರಸಾಕತ್ತಾಳ, ಊರಿಗೆ ಹೋದಮ್ಯಾಲ ಬತ್ತಳಿಕಿ ಬಿಚ್ತಾಳ" ಎಂದು ಹೆಂಗಸರು ಆಡಿಕೊಂಡರು. ನನಗೂ ಹಾಗೇ ಕಂಡಿತ್ತು.

ಮಳೆ ಎಲ್ಲಕ್ಕಿಂತ ಜೋರಾಗಿದ್ದ ದಿನ ಅದು. ಮಧ್ಯಾಹ್ನ ಅನ್ನದ ಟೆಂಪೋ ಬಂದು ಜನ ಸಾಲು ಹಚ್ಚಿದ್ದರು. ಗಂಡಸರು ಕೆಳಗಿದ್ದರು. ಸುನಂದಾ ಊಟಕ್ಕೆ ಏಳದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಸಾಲಿಗೆ ಬಡಿಸುತ್ತ ಯಾರೊಂದಿಗೋ ಜಗಳವಾಡುತ್ತಿದ್ದೆ. ಇದ್ದಕ್ಕಿದ್ದಂತೆ ಪದ್ಮವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಯಾರೂ ಕಾಲಿಡದ ಆ ನಡುವಿನ ಬಯಲಿಗೆ ಇಳಿದು, ಬಕೆಟ್ಟನ್ನು ಕಾಲಲ್ಲಿ ಒದ್ದು, ನೇರ ಎದುರು ಗೋಡೆಗೆ ನಡೆದಳು. ಅವಳ ಹೆಜ್ಜೆ ಗುಮ್ಮಟದಲ್ಲಿ ದಡ್ ದಡ್ ಎಂದಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಈಗ ಕೂದಲು ಹಿಡಿದು ಎಳೆಯುತ್ತಾಳೆ ಎಂದು ನಾನು ಸೌಟು ಹಿಡಿದೇ ಓಡಿದೆ.

ಅವಳು ಸುನಂದಾಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು.

"ಕೂಸು ಯಾವಾಗಿಂದ ಹೊರಳಿಲ್ಲ?"

ಸುನಂದಾ ತಿರುಗಿ ನೋಡಿದಳು. ಮುಖ ಬಿಳಿಚಿಕೊಂಡಿತ್ತು. ಮದುವೆಯಾಗಿ ಬಂದ ಮೇಲೆ ಈ ನೆಗೆಣ್ಣಿ ಅವಳೊಂದಿಗೆ ಆಡಿದ ಮೊದಲ ಮಾತು ಅದು.

"ನಿನ್ನಿ ಸಂಜಿಯಿಂದ" ಎಂದಳು. "ನಾ ಕರೀತೀನಿ, ಅದು ಓ ಅನ್ನವಲ್ದು."

"ಮತ್ತ ಯಾರಿಗರ ಹೇಳಬಾರ್ದಾ?"

"ಎಲ್ಲಾರಿಗೂ ತ್ರಾಸ ಐತಿ. ಮ್ಯಾಲ ಮಳಿ."

"ಏಳ" ಎಂದಳು ಪದ್ಮವ್ವ. "ನಂದೂ ಹಿಂಗ ಗಪ್ಪಾಗಿತ್ತು. ಸುಮ್ನ ಮಲಗೈತಿ ಅಂದ್ರು, ನಾನೂ ಹೌದಂದೆ. ಮರದಿನಾ ಹುಟ್ಟಿತು, ಕಣ್ಣ ತಗೀಲಿಲ್ಲ. ಏಳ ಅಂದ್ನೆಲ್ಲಾ!" ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರ, ಸೌಟು ಕೆಳಗಿಡ್ರಿ. ಗಾಡಿ ಕರೀರಿ" ಎಂದಳು.

ಆಂಬ್ಯುಲೆನ್ಸಿಗೆ ಫೋನು ಮಾಡಿದೆ. ಹೊಳೆದಂಡೆಯ ಊರುಗಳಿಗೆ ಹೋಗಿವೆ, ಕಾಯಿರಿ ಎಂದರು. ರಿಕ್ಷಾಗಳೆಲ್ಲ ಮಳೆಗೆ ಮಾಯ. ಬಾಪುರಾವರ ಹಳೇ ಫಿಯಟ್ ನೆನಪಾಯಿತು. ಕೂಗಿದೆ. ಆ ಮನುಷ್ಯ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಗಾಡಿ ತಂದರು, ತಂದವರು ಕೆಳಗೆ ನಿಂತು, "ಸೀದಾ ಬಾಗಿಲಿಗೆ ತರ್ತೀನ್ರಿ! ಅದಕ್ಕಂತನ ಇಳಿಜಾರು ಮಾಡಿದ್ದು!" ಎಂದು ಕೂಗಿದರು. ಇಳಿಜಾರಿನ ಅರ್ಧಕ್ಕೆ ಬಂದ ಗಾಡಿ ಪಾಚಿಯ ಮೇಲೆ ಜಾರಿ, ಹಿಂದಕ್ಕೆ ಸರಿದು, ಎಮ್ಮೆಯ ಗೂಟಕ್ಕೆ ಬಡಿದು ನಿಂತಿತು. ನನಗೆ ಅಳು ಬಂತು. ಮುಂದಿನ ಕಾಲಕ್ಕೆಂದು ಕಟ್ಟಿದವರು ಮಳೆಗಾಲಕ್ಕೆಂದು ಯೋಚಿಸಿರಲಿಲ್ಲ.

"ಖುರ್ಚಿ ತರ್ರಿ" ಎಂದಳು ಪದ್ಮವ್ವ.

ಪ್ಲಾಸ್ಟಿಕ್ ಖುರ್ಚಿಯಲ್ಲಿ ಸುನಂದಾಳನ್ನು ಕೂರಿಸಿದೆವು. ಕೆಳಗಿನಿಂದ ಓಡಿಬಂದ ಭರಮು ಒಂದು ಕಡೆ ಹಿಡಿದ. ಇನ್ನೊಂದು ಕಡೆ ಹಿಡಿಯಲು ಹತ್ತಿರದಲ್ಲಿದ್ದವನು ಪಾಯಪ್ಪ. ಅವನು ಒಂದು ಗಳಿಗೆ ನಿಂತ. ಪದ್ಮವ್ವ ಗಂಡನನ್ನು ಬರೀ ನೋಡಿದಳು. ಅವನು ಬಗ್ಗಿ ಖುರ್ಚಿಯ ಕಾಲಿಗೆ ಕೈ ಹಾಕಿದ.

ಆ ಜಾರುವ ದಾರಿಯಲ್ಲಿ ಇಬ್ಬರೂ ಒಂದೇ ಹದದಲ್ಲಿ ಹೆಜ್ಜೆ ಇಡದೆ ಗತಿಯಿರಲಿಲ್ಲ. ನಾನು ಛತ್ರಿ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದೆ. ಮೊದಲ ತಿರುವಿನಲ್ಲಿ ಭರಮುವಿನ ಕಾಲು ಜಾರಿತು. "ನಿಧಾನಲೇ!" ಎಂದ ಪಾಯಪ್ಪ. "ಹ್ಞೂಂ" ಎಂದ ಭರಮು. ಸ್ವಲ್ಪ ಕೆಳಗೆ, "ಎಡಕ್ಕ ಒತ್ತು." "ಒತ್ತೀನಿ." ಅಷ್ಟೇ ಮಾತು. ಕೆಳಗೆ ಇಳಿಯುವ ಹೊತ್ತಿಗೆ ಅಣ್ಣನ ಅಂಗೈಗೆ ಖುರ್ಚಿಯ ಅಂಚು ಕೊರೆದು ರಕ್ತ ಬಂದಿತ್ತು.

ಫಿಯಟ್ಟಿನ ಹಿಂದಿನ ದೀಪ ಒಡೆದಿತ್ತು, ಗಾಡಿ ಮಾತ್ರ ಚಾಲೂ ಆಯಿತು. ಸರಕಾರಿ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಯಂತ್ರ ಇಟ್ಟು ನೋಡಿದರು. ಕೂಸಿನ ಎದೆಬಡಿತ ಇದೆ, ಆದರೆ ಸೋತಿದೆ, ತಡ ಮಾಡುವಂತಿಲ್ಲ ಎಂದು ಒಳಗೆ ಒಯ್ದರು.

ಹೊರಗೆ ಒಂದೇ ಬೆಂಚು. ಅಣ್ಣ ಒಂದು ತುದಿಯಲ್ಲಿ, ತಮ್ಮ ಇನ್ನೊಂದು ತುದಿಯಲ್ಲಿ. ನಡುವೆ ನಾನು ಮತ್ತು ಬಾಪುರಾವ್. ಪದ್ಮವ್ವ ಕೂರಲಿಲ್ಲ, ಮುಚ್ಚಿದ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದಳು. ಎಷ್ಟು ಹೊತ್ತೋ. ಬಾಪುರಾವ್ ನನ್ನ ಕಡೆ ಬಾಗಿದರು. ಏನೋ ಸಮಾಧಾನ ಹೇಳುತ್ತಾರೆ ಎಂದುಕೊಂಡೆ.

"ಬಾಯಿ, ಆಕಿ ಗ್ವಾಡೀಗೆ ಎಷ್ಟ ಹತ್ರ ಮಲಗಿದ್ಲು? ಒಂದು ಗೇಣು? ಅಲ್ಲ, ಮಳಿ ಸಪ್ಪಳದಾಗೂ ಕೇಳಸ್ತಲಾ, ಅದಕ್ಕ ಕೇಳಿದೆ."

"ಕಾಕಾ, ನಿಮಗ ಕೈ ಮುಗೀತೀನಿ, ಸುಮ್ನ ಕುಂದರ್ರಿ."

ಅವರು ಗಾಡಿಯ ಬೀಗದ ಕೈಯನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗೇ ಹಾಕಿಕೊಂಡರು. ಒದ್ದೆ ಪಾಯಜಾಮದಲ್ಲಿ ಆ ಮುದುಕರೂ ಹೆದರಿದ್ದರು. ಹೆದರಿಕೆಯಲ್ಲಿ ಆಡಲು ಅವರಿಗೆ ಬೇರೆ ಮಾತು ಗೊತ್ತಿರಲಿಲ್ಲ, ಅಷ್ಟೆ.

ಬಾಗಿಲು ತೆರೆಯಿತು. ಹೆಣ್ಣು ಕೂಸು. ಅತ್ತಿತು. ನರ್ಸು ತಂದದ್ದನ್ನು ಮೊದಲು ಇಸಿದುಕೊಂಡವಳು ಪದ್ಮವ್ವ. ಅವಳು ಅಳಲೂ ಇಲ್ಲ, ನಗಲೂ ಇಲ್ಲ. ಕೂಸಿನ ಮುಖ ನೋಡಿ, "ಎಷ್ಟ್ ಹೈರಾಣ ಮಾಡಿದಿಬೇ" ಎಂದಳು. ಭರಮು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಪಾಯಪ್ಪ ಎದ್ದು ಹೊರಗೆ ಹೋಗಿ, ಎಲ್ಲರಿಗೂ ಚಹಾ ತಂದ. ತಮ್ಮನಿಗೂ ತಂದ; ಕೈಗೆ ಕೊಡದೆ ಬೆಂಚಿನ ಮೇಲೆ ಇಟ್ಟ.

ನೀರು ಇಳಿಯಿತು. ಜನ ಒಬ್ಬೊಬ್ಬರಾಗಿ ಕೆಸರು ತುಂಬಿದ ಮನೆಗಳಿಗೆ ಹೋದರು. ಭರಮುವಿನ ಮನೆಯ ಹಿಂದಿನ ಗೋಡೆ ಕುಸಿದಿತ್ತು. ಪಾಯಪ್ಪನ ಮನೆ ನಿಂತಿತ್ತು. ಆಸ್ಪತ್ರೆಯಿಂದ ಬಂದ ಬಾಣಂತಿಯನ್ನು ಎಲ್ಲಿಗೆ ಒಯ್ಯಬೇಕೆಂದು ಗಂಡಸರು ಎಮ್ಮೆ ಬಿಚ್ಚುತ್ತ ನಿಂತಾಗ, ಪದ್ಮವ್ವ ಕೂಸನ್ನು ಎತ್ತಿಕೊಂಡು ಟ್ರೇಲರ್ ಹತ್ತಿ ಕೂತಳು. ಕೂಸು ಹೋದಲ್ಲಿಗೆ ತಾಯಿ, ತಾಯಿ ಹೋದಲ್ಲಿಗೆ ಗಂಡ. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ತಾಟಿನ ಕತೆಯನ್ನೂ ಮುಗಿಸಿಬಿಡುತ್ತೇನೆ. ಬಾಪುರಾವ್ ಆಮೇಲೆ ಸಿಕ್ಕಸಿಕ್ಕವರನ್ನು ಒಳಗೆ ಕರೆದು, ಒಬ್ಬರನ್ನು ಬಾಗಿಲಲ್ಲಿ ಒಬ್ಬರನ್ನು ಕಿಟಕಿಯಲ್ಲಿ ನಿಲ್ಲಿಸಿ ಪಿಸುಗುಟ್ಟಿಸುತ್ತಿದ್ದರು. ಶಾಲೆಯ ಮಕ್ಕಳನ್ನು ಕರೆತರಲು ನನಗೆ ಎಷ್ಟು ಸಲ ಗಂಟುಬಿದ್ದರೋ! ಒಂದು ಸಲ ಒಯ್ದೆ. ಮಕ್ಕಳಿಗಿಂತ ಅವರೇ ಹೆಚ್ಚು ಕುಣಿದರು. ಕೆಲ ವರ್ಷಕ್ಕೆ ತೀರಿಕೊಂಡರು. ಟ್ರಸ್ಟಿನವರು ಕಟ್ಟಡವನ್ನು ಕೋಚಿಂಗಿನವರಿಗೆ ಕೊಟ್ಟರು. ಅವರು ಗದ್ದಲ ತಡೆಯಲಾರದೆ ಗುಮ್ಮಟದ ಕೆಳಗೆ ಇನ್ನೊಂದು ಮಾಡು ಹೊದಿಸಿ, ಅಡ್ಡಗೋಡೆ ಹಾಕಿದರು. ಈಗ ಅಲ್ಲಿ ಬೇಕಾದಷ್ಟು ಮೂಲೆಗಳಿವೆ. ಮಗಳನ್ನು ಸೇರಿಸಿ ಬಂದೆ. ಬೇರೆ ಕಡೆ ಬ್ಯಾಚು ತುಂಬಿತ್ತು, ಏನು ಮಾಡುವುದು.

ಕೂಸಿನ ತೊಟ್ಟಿಲ ಕಾರ್ಯಕ್ಕೆ ನನ್ನನ್ನು ಕರೆದಿದ್ದರು. ಅಷ್ಟರಲ್ಲಿ ಸೇತುವೆ ತೆರೆದಿತ್ತು, ನನ್ನ ಗಂಡನೂ ಬಂದಿದ್ದರು. ಹೊಳೆಯಾಚೆಯಿಂದ ಸುನಂದಾಳ ತಾಯಿ, ಸೋದರಮಾವಂದಿರು ಬಂದಿದ್ದರು. ಕೂಸಿಗೆ ಸನ್ಮತಿ ಎಂದು ಹೆಸರಿಟ್ಟರು. ಊಟವಾದ ಮೇಲೆ ಪಡಸಾಲೆಯಲ್ಲಿ ಪದ್ಮವ್ವನ ಪಕ್ಕ ಕೂತೆ. ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಒಳಗೆ ಸುನಂದಾ ತಾಯಿಯ ಮುಂದೆ ಮರಾಠಿಯಲ್ಲಿ ನಗುತ್ತ ಏನೋ ಹೇಳುತ್ತಿದ್ದಳು.

"ಅಲ್ಲಬೇ," ಎಂದೆ, "ಅಷ್ಟು ದಿನಾ ಗ್ವಾಡಿಗೆ ಕಿವಿ ಹಚ್ಚಿ ಅವರ ಜಗಳ ಕೇಳಿ ಕೇಳಿ ಬ್ಯಾಸರ ಆಗಲಿಲ್ಲೇನು?"

ಪದ್ಮವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಜಗಳ ಯಾರ ಕೇಳ್ತಾರ್ರಿ? ಅದು ಮನ್ಯಾಗ ದಿನಾ ಇದ್ದದ್ದ. ಈಕಿ ಹೊಟ್ಟಿ ಮ್ಯಾಲ ಕೈ ಇಟಗೊಂಡು ಕೂಸಿನ ಕೂಡ ಮಾತಾಡ್ತಿದ್ಲು. ಕೂಸಿಗೆ ಬಾಳಾ ಅಂತಿದ್ಲು, ಬಾಳಾ ಹಿಂಗ, ಬಾಳಾ ಹಂಗ, ಆಯೀ ಊರಾಗ ಬಿಸಿ ಬಿಸಿ ಭಾಕರಿ ತಿನ್ನೂಣು, ಹೊಳಿ ಇಳೀಲಿ. ಅರ್ಧಾ ಮರಾಠಿ, ಅರ್ಧಾ ನಮ್ಮ ಮಾತು. ನನಗ ಇಂಥಾ ಮಾತಾಡಾಕ ಸಿಗಲಿಲ್ಲ. ಅದಕ್ಕ ಕೇಳಕೋತ ಕುಂದರ್ತಿದ್ದೆ." ಅವಳು ಕೂಸಿನ ಹಣೆಯ ಮೇಲಿನ ನೊಣ ಓಡಿಸಿದಳು. "ಆವತ್ತು ಆ ಮಾತಿನ ದನಿ ಬ್ಯಾರೆ ಇತ್ತು."

ಅಷ್ಟರಲ್ಲಿ ಹೊರಗೆ ಅಂಗಳದಲ್ಲಿ ಗದ್ದಲ ಎದ್ದಿತು. ಬಾವಿಯಲ್ಲಿ ಕೂತ ರಾಡಿ ತೆಗೆಸಬೇಕಿತ್ತಂತೆ; ತೆಗೆದ ಮೇಲೆ ಮೊದಲ ಪಾಳಿ ಯಾರದು ಎಂದು ಅಣ್ಣತಮ್ಮಂದಿರು ಬೀಗರ ಎದುರಿಗೇ ಶುರುಮಾಡಿದ್ದರು. ಈ ಸಲ ಹೆಂಡಿರಿಗೆ ಹೇಳಿದಂತಲ್ಲ, ಗೋಡೆಗೆ ಹೇಳಿದಂತಲ್ಲ. ಎದುರೆದುರು ನಿಂತು, ಕೈ ಬೀಸಿ, ಒಬ್ಬರ ಮುಖಕ್ಕೆ ಒಬ್ಬರು.

"ನಿನ್ನ ಪಾಳಿ ಸೋಮವಾರಲೇ!"

"ಸೋಮವಾರ ಕರೆಂಟ್ ಎಲ್ಲೈತ್ಯೋ ಅಣ್ಣಾ!"

ಬಿಡಿಸಲು ನಾನು ಎದ್ದೆ. ಪದ್ಮವ್ವ ನನ್ನ ಸೆರಗು ಹಿಡಿದು ಎಳೆದಳು. "ಕುಂದರ್ರಿ ಅಕ್ಕೋರ. ಆಡ್ಲಿ ಬಿಡ್ರಿ. ಇಷ್ಟ್ ವರ್ಷದ್ದು ಉಳದೈತಿ, ಒಂದ ದಿನಕ್ಕ ಮುಗಿಯೂದಿಲ್ಲ."

ಕೂತೆ. ಅಂಗಳದ ಕೂಗಾಟಕ್ಕೆ ಮನೆಯ ನಾಯಿ ಎದ್ದು ದೂರ ಹೋಗಿ ಮಲಗಿತು. ಕೂಸು ಮಾತ್ರ ಮಿಸುಕಲಿಲ್ಲ. ಹುಟ್ಟುವ ಮೊದಲೇ ಆ ಇಬ್ಬರ ದನಿಗೂ ಅದು ಒಗ್ಗಿಹೋಗಿತ್ತು.